ಕೋಟೆಯಿಂದ ದೂರ ಹೋದ ಬಂದೇನವಾಜರು

ಏಳನೇ ಸೆಮಿಸ್ಟರ್ ಬಂತೆಂದರೆ ನಮ್ಮ ಕ್ಯಾಂಪಸ್ಸಿನಲ್ಲಿ ಮಾತೆಲ್ಲ ಒಂದೇ. ಯಾವ ಕಂಪನಿ ಬರುತ್ತೆ, ಪ್ಯಾಕೇಜ್ ಎಷ್ಟು, ಕಟ್ ಆಫ್ ಎಷ್ಟು. ಊರಿಗೆ ಹೋದರೆ ಕೊಬ್ಬರಿ ರೇಟು ಎಷ್ಟಾಯ್ತು ಅಂತ ಮಾತಾಡುತ್ತಿದ್ದ ಬಾಯಲ್ಲೇ ಮುಂದಿನ ಪ್ರಶ್ನೆ, ಕೆಲಸ ಎಲ್ಲಿ ಆಯ್ತು ಅಂತ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ತೋಟದ ದುಡ್ಡಲ್ಲಿ ಫೀಸು ಕಟ್ಟಿದವರಿಗೆ ಕೇಳುವ ಹಕ್ಕಿದೆ. ಇಂಥ ಹೊತ್ತಲ್ಲಿ ನಮ್ಮ ಕನ್ನಡ ಬಳಗ ಈ ಸಂಚಿಕೆಗೆ ಆರಿಸಿಕೊಂಡಿರುವುದು 600 ವರ್ಷಗಳ ಹಿಂದೆ ತೀರಿಕೊಂಡ ಒಬ್ಬರ ಬದುಕನ್ನು. ಅಧಿಕಾರ, ಹೆಸರು ಎರಡೂ ಕೈಗೆ ಎಟುಕುವಷ್ಟು ಹತ್ತಿರ ಇದ್ದಾಗಲೂ ಅವರು ಕಣ್ಣಿಟ್ಟಿದ್ದು ಬೇರೆ ಕಡೆ. ತಿಪಟೂರಿನಿಂದ ಉತ್ತರಕ್ಕೆ ಹೆಚ್ಚುಕಡಿಮೆ ನೇರ ಗೆರೆ ಎಳೆದರೆ ಸುಮಾರು 450 ಕಿಲೋಮೀಟರ್ ದೂರದಲ್ಲಿ ಕಲಬುರಗಿ ಸಿಗುತ್ತದೆ. ಅಲ್ಲಿನ ಖಾಜಾ ಬಂದೇನವಾಜರ ಹೆಸರು ನಮ್ಮಲ್ಲಿ ಎಲ್ಲರೂ ಕೇಳಿರುತ್ತೇವೆ. ಬದುಕು ಗೊತ್ತಿರುವವರು ಕಡಿಮೆ.

ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಬಂದೇನವಾಜ್ ಅಂದರೆ ಭಕ್ತರನ್ನು ಪೊರೆಯುವವರು ಎಂದರ್ಥ, ಅದು ಜನ ಆಮೇಲೆ ಕೊಟ್ಟ ಹೆಸರು. ಗೇಸೂದರಾಜ್ ಅಂತ ಇನ್ನೊಂದು ಹೆಸರಿದೆ, ಉದ್ದ ಕೂದಲಿನವರು ಅಂತ. ಅದರ ಕಥೆಗೆ ಆಮೇಲೆ ಬರ್ತೀವಿ.

ಆರೇಳು ವರ್ಷದ ಹುಡುಗನಾಗಿದ್ದಾಗ ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಬದಲಾಯಿಸಿದ. ಹೈಸ್ಕೂಲ್ ಪಾಠದಲ್ಲಿ ನಾವೆಲ್ಲ ಓದಿ ನಕ್ಕ ಕಥೆ ಅದು. ನಿಜವಾಗಿ ಗಂಟುಮೂಟೆ ಕಟ್ಟಿಕೊಂಡು ಹೊರಟ ಮನೆಗಳಲ್ಲಿ ಇವರದ್ದೂ ಒಂದು. ತಂದೆ ಸೈಯದ್ ಯೂಸುಫ್ ಹುಸೇನಿ ದೆಹಲಿಯ ಸೂಫಿ ಸಂತ ನಿಜಾಮುದ್ದೀನ್ ಔಲಿಯಾರ ಶಿಷ್ಯರು. ದಖ್ಖನಿಗೆ ಬಂದ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅವರ ಸಮಾಧಿ ಈಗಲೂ ಔರಂಗಾಬಾದ್ ಹತ್ತಿರದ ಖುಲ್ದಾಬಾದಿನಲ್ಲಿದೆ. ಹುಡುಗನ ಸೋದರಮಾವನೇ ದೌಲತಾಬಾದಿನ ರಾಜ್ಯಪಾಲ. ತಂದೆ ಇಲ್ಲದ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸರೆ ಏನು ಬೇಕು? ಮಾವನ ನೆರಳಲ್ಲಿ ಬೆಳೆದಿದ್ದರೆ ಒಂದು ಸರ್ಕಾರಿ ಹುದ್ದೆಯಂತೂ ಗ್ಯಾರಂಟಿ ಇತ್ತು. ಆದರೆ ತಾಯಿಗೆ ಅಣ್ಣನ ಜೊತೆ ಸರಿಬರಲಿಲ್ಲ. ಮಕ್ಕಳನ್ನು ಕರೆದುಕೊಂಡು ವಾಪಸ್ ದೆಹಲಿಗೆ ಹೊರಟುಬಿಟ್ಟರು. ಆಗ ಹುಡುಗನಿಗೆ ಸುಮಾರು 15 ವರ್ಷ. ಈ ತಾಯಿಯ ಬಗ್ಗೆ ಪುಸ್ತಕಗಳು ಹೆಚ್ಚು ಬರೆಯುವುದಿಲ್ಲ. ಆದರೆ ಕಥೆಯ ಮೊದಲ ತಿರುವು ಅವರದ್ದೇ ಅಂತ ನಮಗನ್ನಿಸುತ್ತದೆ.

ದೆಹಲಿಯಲ್ಲಿ ಆಗ ನಿಜಾಮುದ್ದೀನರ ಉತ್ತರಾಧಿಕಾರಿಯಾಗಿ ಇದ್ದವರು ನಸೀರುದ್ದೀನ್. ಜನ ಅವರನ್ನು ಚಿರಾಗ್-ಎ-ದೆಹಲಿ, ದೆಹಲಿಯ ದೀಪ ಅಂತ ಕರೆಯುತ್ತಿದ್ದರು. ದೆಹಲಿ ಮೆಟ್ರೋದಲ್ಲಿ ಓಡಾಡಿದವರಿಗೆ ಚಿರಾಗ್ ದಿಲ್ಲಿ ಎಂಬ ಸ್ಟೇಷನ್ ಹೆಸರು ನೆನಪಿರಬಹುದು, ಅದು ಇವರಿಂದಲೇ ಬಂದದ್ದು. ಹುಡುಗ ಶುಕ್ರವಾರದ ನಮಾಜಿಗೆ ಹೋದಾಗ ಇವರನ್ನು ಕಂಡ. ತಂದೆ ಬಾಯಲ್ಲಿ ಈ ಹಿರಿಯರ ಕಥೆ ಕೇಳಿಯೇ ಬೆಳೆದಿದ್ದ. 1336ರಲ್ಲಿ ಹೋಗಿ ಶಿಷ್ಯನಾದ.

ಇಲ್ಲಿ ಸೂಫಿಗಳ ಖಾನಕಾ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ತುಮಕೂರು ಸೀಮೆಯವರಿಗೆ ಇದು ಸುಲಭ, ಸಿದ್ಧಗಂಗಾ ಮಠವನ್ನು ನೆನಪಿಸಿಕೊಂಡರೆ ಅರ್ಧ ಅರ್ಥವಾಗುತ್ತದೆ. ಬಂದವರಿಗೆ ಊಟ, ಉಳಿಯಲು ಜಾಗ, ಕಲಿಯುವವರಿಗೆ ಪಾಠ, ನಡುವೆ ಒಬ್ಬ ಗುರು. ಗುರುವನ್ನು ಪೀರ್ ಅಂತಲೂ ಶಿಷ್ಯನನ್ನು ಮುರೀದ್ ಅಂತಲೂ ಕರೆಯುತ್ತಾರೆ. ಚಿಶ್ತಿ ಪಂಥದವರ ಇನ್ನೊಂದು ಕಟ್ಟುನಿಟ್ಟು, ಸುಲ್ತಾನನ ಬಾಗಿಲಿಗೆ ಹೋಗಬಾರದು. ನಿಜಾಮುದ್ದೀನರ ಮನೆಗೆ ಎರಡು ಬಾಗಿಲು ಇತ್ತಂತೆ, ಒಂದರಲ್ಲಿ ಸುಲ್ತಾನ ಬಂದರೆ ಇನ್ನೊಂದರಲ್ಲಿ ಅವರು ಹೊರಗೆ ಹೋಗುತ್ತಿದ್ದರಂತೆ. ಹಾಗಂತ ಕಾಡಿಗೆ ಹೋಗಿ ಕೂರುವ ಸಂನ್ಯಾಸ ಇಲ್ಲ. ಇಸ್ಲಾಮಿನಲ್ಲಿ ಮದುವೆ, ಮಕ್ಕಳು, ವ್ಯಾಪಾರ ಯಾವುದಕ್ಕೂ ಅಡ್ಡಿಯಿಲ್ಲ. ದುನಿಯಾ ಕೈಯಲ್ಲಿ ಇರಬಹುದು, ಎದೆಯೊಳಗೆ ಕೂರಬಾರದು ಅನ್ನುವುದು ಅವರ ದಾರಿ.

ಈ ಹುಡುಗ ಓದಿನಲ್ಲಿ ಚುರುಕು. ಅರಬ್ಬಿ, ಧರ್ಮಶಾಸ್ತ್ರ, ತರ್ಕ ಎಲ್ಲವನ್ನೂ ದೆಹಲಿಯ ದೊಡ್ಡ ಪಂಡಿತರ ಹತ್ತಿರ ಕಲಿಯುತ್ತಿದ್ದ. ಆ ಕಾಲದಲ್ಲಿ ಇಂಥ ಓದು ಮುಗಿಸಿದವನಿಗೆ ಖಾಜಿ ಹುದ್ದೆ, ಆಸ್ಥಾನದ ಹುದ್ದೆ ಇದ್ದದ್ದೇ. ಈಗಿನ ಭಾಷೆಯಲ್ಲಿ ಒಳ್ಳೆ ಬ್ರಾಂಚು, ಒಳ್ಳೆ ಸ್ಕೋಪು. ಆದರೆ ಧ್ಯಾನ, ಉಪವಾಸ, ರಾತ್ರಿಯ ಪ್ರಾರ್ಥನೆಯ ರುಚಿ ಹತ್ತಿದ ಮೇಲೆ ಅವನಿಗೆ ಪುಸ್ತಕ ಸಪ್ಪೆ ಅನ್ನಿಸತೊಡಗಿತು. ಗುರುಗಳ ಹತ್ತಿರ ಹೋಗಿ, ಓದಿದ್ದು ಸಾಕು, ಇನ್ನು ಪೂರ್ತಿ ಸಾಧನೆಗೇ ನಿಲ್ಲುತ್ತೇನೆ ಅಂತ ಅಪ್ಪಣೆ ಕೇಳಿದ. ಗುರುಗಳು ಒಪ್ಪಲಿಲ್ಲ. ಓದು ಮುಗಿಸು, ನಿನ್ನಿಂದ ಆಗಬೇಕಾದ ಕೆಲಸ ಇದೆ ಅನ್ನುವ ಅರ್ಥದಲ್ಲಿ ಹೇಳಿ ವಾಪಸ್ ಪುಸ್ತಕದ ಮುಂದೆ ಕೂರಿಸಿದರು.

ಲೋಕ ಬೇಡ ಅಂದವನಿಗೆ ಮೊದಲು ಸಿಲಬಸ್ ಮುಗಿಸು ಅಂದರಲ್ಲ, ಈ ಘಟನೆ ನಮ್ಮ ಬಳಗದಲ್ಲಿ ದೊಡ್ಡ ಚರ್ಚೆಗೆ ಕಾರಣವಾಯ್ತು. ಎರಡು ಬ್ಯಾಕ್‌ಲಾಗ್ ಬಿದ್ದ ಮೇಲೆ ವೈರಾಗ್ಯ ಬರುವುದು ನಮ್ಮ ಹಾಸ್ಟೆಲ್ಲಿನಲ್ಲಿ ಹೊಸದೇನಲ್ಲ. ಆದರೆ ಈ ಹುಡುಗನಿಗೆ ಓದು ಕೈಗೆ ಹತ್ತದೆ ವೈರಾಗ್ಯ ಬಂದದ್ದಲ್ಲ. ಹತ್ತಿದ್ದಾಗಲೇ ಬಂದದ್ದು. ಆದರೂ ಗುರುಗಳಿಗೆ ಅದು ಸಾಲಲಿಲ್ಲ. ಕಲಿತವನು ಬಿಟ್ಟರೆ ಅದು ತ್ಯಾಗ, ಕಲಿಯದವನು ಬಿಟ್ಟರೆ ಬರೀ ತಪ್ಪಿಸಿಕೊಂಡದ್ದು ಅಂತ ಅವರು ಯೋಚಿಸಿರಬೇಕು. ಇದು ನಮ್ಮ ಊಹೆ. ಅಂತೂ ಸುಮಾರು 19ನೇ ವಯಸ್ಸಿಗೆ ಆತ ಓದು ಮುಗಿಸಿದ. ಈ ಓದೇ ಮುಂದೆ ಕಲಬುರಗಿಯಲ್ಲಿ ಕೆಲಸಕ್ಕೆ ಬಂತು.

ಆಮೇಲೆ ಶುರುವಾದದ್ದು ಇನ್ನೂ ಉದ್ದದ ಪಾಠ. 1336ರಿಂದ 1356ರವರೆಗೆ, ಇಪ್ಪತ್ತು ವರ್ಷ, ಗುರುವಿನ ಹತ್ತಿರವೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮಗೆ ಈ ಕಾಯುವಿಕೆಯನ್ನು ಬಿಡಿಸಿ ಹೇಳಬೇಕಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಕೂರಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ರೇಟು ಚೆನ್ನಾಗಿದೆ ಅಂತ ಅವಸರಕ್ಕೆ ಒಡೆದರೆ ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ.

ಈ ವರ್ಷಗಳದ್ದೇ ಕೂದಲಿನ ಕಥೆ. ಒಂದು ದಿನ ಗುರುಗಳ ಪಲ್ಲಕ್ಕಿಗೆ ಶಿಷ್ಯರು ಹೆಗಲು ಕೊಟ್ಟಿದ್ದಾರೆ. ಇವರ ಉದ್ದ ಕೂದಲು ಪಲ್ಲಕ್ಕಿಗೆ ಸಿಕ್ಕಿಹಾಕಿಕೊಂಡಿತು. ಬಿಡಿಸಿಕೊಳ್ಳಬೇಕೆಂದರೆ ಪಲ್ಲಕ್ಕಿ ನಿಲ್ಲಿಸಬೇಕು, ಗುರುಗಳಿಗೆ ತೊಂದರೆ. ಹಾಗೇ ನೋವು ನುಂಗಿಕೊಂಡು ಬಹಳ ದೂರ ನಡೆದರು. ವಿಷಯ ಗೊತ್ತಾದ ಮೇಲೆ ಗುರುಗಳು ಪ್ರೀತಿಯಿಂದ ಗೇಸೂದರಾಜ್ ಅಂತ ಕರೆದರು ಎನ್ನುತ್ತದೆ ಪರಂಪರೆ. ಈಗಿನ ನಮಗೆ ಇದು ಅತಿ ಅನ್ನಿಸಬಹುದು. ಹೇಳಿದ್ದರೆ ಆಗ್ತಿತ್ತಲ್ವಾ, ಒಂದು ನಿಮಿಷದ ಕೆಲಸ. ಆದರೆ ಗಮನಿಸಬೇಕಾದ್ದು, ಅವರು ಆ ನೋವನ್ನು ಯಾರಿಗೂ ತೋರಿಸಲಿಲ್ಲ. ಇಸ್ಲಾಮಿನಲ್ಲಿ ರಿಯಾ ಅಂತ ಒಂದು ಮಾತಿದೆ. ನಾಲ್ಕು ಜನ ನೋಡಲಿ ಅಂತ ಮಾಡುವ ಪ್ರಾರ್ಥನೆ, ನಾಲ್ಕು ಜನ ಹೊಗಳಲಿ ಅಂತ ಕೊಡುವ ದಾನ. ದೇವರ ಜಾಗದಲ್ಲಿ ನೋಡುಗರನ್ನು ಕೂರಿಸಿದ ಹಾಗೆ ಅದು. ಆದ್ದರಿಂದಲೇ ಅದನ್ನು ಸಣ್ಣ ಪ್ರಮಾಣದ ಶಿರ್ಕ್, ಅಂದರೆ ದೇವರಿಗೆ ಸಮನಾಗಿ ಇನ್ನೊಂದನ್ನು ನಿಲ್ಲಿಸಿದ ಪಾಪ, ಎಂದು ಎಣಿಸುತ್ತಾರೆ. ಸೂಫಿಗಳ ತರಬೇತಿಯಲ್ಲಿ ಬಹುಪಾಲು ಶ್ರಮ ಹೋಗುವುದು ಈ ಒಂದು ರೋಗ ಕೀಳುವುದಕ್ಕೇ. ದಿನಕ್ಕೆ ಎಷ್ಟು ವ್ಯೂಸ್ ಬಂತು ಅಂತ ನೋಡಿಕೊಳ್ಳುವ ನಮ್ಮ ಕಾಲಕ್ಕೆ ಈ ಪದ ಸ್ವಲ್ಪ ಚುಚ್ಚುತ್ತದೆ.

1356ರಲ್ಲಿ ನಸೀರುದ್ದೀನರು ತೀರಿಕೊಂಡರು. ಪರಂಪರೆಯಲ್ಲಿ ಗುರುವಿನ ಜುಬ್ಬಾ, ಕೋಲು, ಜಪಮಾಲೆ, ಪಾದುಕೆ ಸಿಕ್ಕವನೇ ಉತ್ತರಾಧಿಕಾರಿ. ಈ ಗುರುಗಳು ಅವೆಲ್ಲವನ್ನೂ ತಮ್ಮ ಜೊತೆಗೇ ಹೂಳಿಬಿಡಿ ಅಂತ ಹೇಳಿ ಹೋಗಿದ್ದರು. ಕೈಗೆ ಒಂದು ಸರ್ಟಿಫಿಕೇಟೂ ಸಿಗಲಿಲ್ಲ ಅಂದುಕೊಳ್ಳಿ. ಗೇಸೂದರಾಜರು ಗುರುವಿನ ದೇಹಕ್ಕೆ ಸ್ನಾನ ಮಾಡಿಸಿದರು, ಆ ಮಂಚದ ಹಗ್ಗವನ್ನೇ ಬಿಚ್ಚಿ ಕೊರಳಿಗೆ ಹಾಕಿಕೊಂಡು ನನಗೆ ಇದೇ ದೀಕ್ಷಾವಸ್ತ್ರ ಅಂದುಕೊಂಡರು ಎಂಬ ಪ್ರತೀತಿ ಇದೆ. ಮುಂದಿನ 40 ವರ್ಷಕ್ಕೂ ಹೆಚ್ಚು ಕಾಲ ದೆಹಲಿಯಲ್ಲೇ ಪಾಠ, ಪ್ರಾರ್ಥನೆ, ಬಂದವರ ಕಷ್ಟಸುಖ. 40ರ ವಯಸ್ಸಿಗೆ, ತಾಯಿಯ ಒತ್ತಾಯಕ್ಕೆ ಮದುವೆ. ಮಕ್ಕಳಾದರು. ಈ ಭಾಗವನ್ನು ನಾವು ಬೇಗ ದಾಟುತ್ತಿದ್ದೇವೆ, ಏಕೆಂದರೆ ಕರ್ನಾಟಕದ ಕಥೆ ಇನ್ನೂ ಶುರುವೇ ಆಗಿಲ್ಲ.

1398ರ ಡಿಸೆಂಬರ್. ತೈಮೂರ್ ದೆಹಲಿ ಬಾಗಿಲಿಗೆ ಬಂದ. ಗೇಸೂದರಾಜರಿಗೆ ಆಗ 77 ವರ್ಷ. ನಮ್ಮಲ್ಲಿ ಅಜ್ಜಂದಿರು ತೋಟಕ್ಕೆ ಹೋಗುವುದನ್ನೂ ನಿಲ್ಲಿಸುವ ವಯಸ್ಸು. ಅವರು ಮನೆಮಂದಿ, ಶಿಷ್ಯರನ್ನು ಕಟ್ಟಿಕೊಂಡು ದಕ್ಷಿಣಕ್ಕೆ ಹೊರಟರು. ಗ್ವಾಲಿಯರ್, ಚಂದೇರಿ, ಗುಜರಾತ್ ಸುತ್ತಿಕೊಂಡು ದೌಲತಾಬಾದಿಗೆ ಬಂದರು. ಹುಡುಗನಾಗಿದ್ದಾಗ ಬಿಟ್ಟುಹೋದ ಊರು, ತಂದೆಯ ಸಮಾಧಿ ಇರುವ ಸೀಮೆ. ಅಲ್ಲಿಂದ ಬಹಮನಿ ಸುಲ್ತಾನ ಫಿರೋಜ್ ಷಾ ಕರೆಸಿಕೊಂಡದ್ದರಿಂದ ಸುಮಾರು 1400ರ ಹೊತ್ತಿಗೆ ಕಲಬುರಗಿ ತಲುಪಿದರು. ವಯಸ್ಸು 80ರ ಹತ್ತಿರ.

ಫಿರೋಜ್ ಷಾ ಸಾಮಾನ್ಯ ರಾಜ ಅಲ್ಲ. ಎಂಜಿನಿಯರಿಂಗ್ ಓದುವವರಿಗೆ ಅವನು ಇಷ್ಟವಾಗದೆ ಇರುವುದೇ ಇಲ್ಲ. ಎರಡು ಶತಮಾನದ ನಂತರ ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು ಚರಿತ್ರೆ ಬರೆದ ಫಿರಿಶ್ತಾ ಹೇಳುವಂತೆ, ಈತನಿಗೆ ಹಲವು ಭಾಷೆ ಬರುತ್ತಿತ್ತು. ವಾರಕ್ಕೆ ಮೂರು ದಿನ ಜ್ಯಾಮಿತಿ, ತರ್ಕದಂಥ ವಿಷಯಗಳಿಗೆ ಮೀಸಲು. ಭೀಮಾ ನದಿ ದಂಡೆಯಲ್ಲಿ ಫಿರೋಜಾಬಾದ್ ಎಂಬ ಹೊಸ ಪಟ್ಟಣವನ್ನೇ ಕಟ್ಟಿಸಿದ. 1407ರಲ್ಲಿ ದೌಲತಾಬಾದ್ ಬಳಿ ನಕ್ಷತ್ರ ವೀಕ್ಷಣಾಲಯ ಶುರುಮಾಡಿಸಿದ, ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗಿಲಾನಿ ತೀರಿಹೋದದ್ದರಿಂದ ಕೆಲಸ ಅರ್ಧಕ್ಕೆ ನಿಂತಿತು. ಇಂಥ ರಾಜ ದೆಹಲಿಯಿಂದ ಬಂದ ಹಿರಿಯರನ್ನು ಗೌರವದಿಂದ ಎದುರುಗೊಂಡ. ಕೋಟೆಯ ಹತ್ತಿರವೇ ಇರಲು ಜಾಗ ಆಯ್ತು.

ದಿನ ಕಳೆದಂತೆ ರಾಜನಿಗೆ ಬೇಸರ ಬಂತು. ತನ್ನಷ್ಟು ತರ್ಕಶಾಸ್ತ್ರ, ಲೌಕಿಕ ವಿದ್ಯೆ ಇವರಿಗೆ ಬರುವುದಿಲ್ಲ ಅಂತ ಅವನಿಗೆ ಅನ್ನಿಸಿತಂತೆ. ರಾಜನ ತಮ್ಮ ಅಹ್ಮದ್ ಮಾತ್ರ ಅವರ ಪಾಠಗಳಿಗೆ ತಪ್ಪದೆ ಬರುತ್ತಿದ್ದ, ಖಾನಕಾಕ್ಕೆ ಬೇಕಾದ್ದನ್ನು ನೋಡಿಕೊಳ್ಳುತ್ತಿದ್ದ. ಅವರು ಮಾತ್ರ ತಮ್ಮ ಪಾಡಿಗೆ ಕುರಾನಿನ ವ್ಯಾಖ್ಯಾನ, ಪ್ರವಾದಿಯವರ ಹದೀಸ್, ಸೂಫಿ ಸಾಧನೆಯ ಕ್ರಮ ಹೇಳಿಕೊಡುತ್ತಿದ್ದರು. ಪರ್ಷಿಯನ್, ಅರಬ್ಬಿಯಲ್ಲಿ ಬರೆಯುತ್ತಲೂ ಇದ್ದರು. ಅವರ ಮಾತುಕತೆಗಳನ್ನು ದೊಡ್ಡ ಮಗ ಸೈಯದ್ ಅಕ್ಬರ್ ಹುಸೇನಿ 'ಜವಾಮಿ ಉಲ್ ಕಲಿಮ್' ಎಂಬ ಹೆಸರಲ್ಲಿ ಸಂಗ್ರಹಿಸಿದ್ದಾರೆ. ಆ ಮಗ ತಂದೆಗಿಂತ ಮೊದಲೇ ತೀರಿಕೊಂಡ. 90ರ ಆಸುಪಾಸಿನ ತಂದೆ ಆ ದುಃಖವನ್ನೂ ನೋಡಬೇಕಾಯ್ತು.

ಬಂದೇನವಾಜರನ್ನು ಶಿಶುನಾಳ ಷರೀಫರ ಹಾಗೆ ಕಲ್ಪಿಸಿಕೊಳ್ಳುವುದು ಸುಲಭ, ಆದರೆ ಅವರ ಜಾಯಮಾನ ಬೇರೆ. ಅವರಿಗೆ ಸಂಗೀತ ಇಷ್ಟ, ಪ್ರೇಮ ಎಂಬ ಮಾತು ಅವರಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ಹಾಗಿದ್ದೂ ಶರಿಯತ್ತಿನ ವಿಷಯದಲ್ಲಿ ಕಟ್ಟುನಿಟ್ಟು. ಎಷ್ಟೇ ಎತ್ತರದ ಅನುಭವಕ್ಕೆ ಏರಿದವನಿಗೂ ಐದು ಹೊತ್ತಿನ ನಮಾಜಿನಿಂದ ವಿನಾಯಿತಿ ಇಲ್ಲ ಅನ್ನುವವರು. ಎಲ್ಲ ಒಂದೇ ಎನ್ನುವ ಇಬ್ನ್ ಅರಬಿಯ ತತ್ವವನ್ನು ಖಂಡಿಸಿದವರು. ಅವರ ಬದುಕಿಗೆ ಅರ್ಥ ಕೊಟ್ಟದ್ದು ಇಸ್ಲಾಮ್, ಅದರ ದಿನನಿತ್ಯದ ಶಿಸ್ತು. ಅದನ್ನು ತೆಳುಮಾಡಿ ಹೇಳಿದರೆ ಅವರಿಗೆ ಮಾಡಿದ ಅನ್ಯಾಯವಾದೀತು. ಅವರ ಹತ್ತಿರ ಬಂದ ಎಲ್ಲ ಜಾತಿ ಮತದ ಜನ ಈ ಸೂಕ್ಷ್ಮಗಳನ್ನು ಲೆಕ್ಕ ಹಾಕಿ ಬಂದವರಲ್ಲ. ಹಸಿವು, ಕಾಯಿಲೆ, ಮನೆಯ ತಾಪತ್ರಯ ಹೊತ್ತು ಬಂದರು.

1415ರಲ್ಲಿ ಪರೀಕ್ಷೆ ಬಂತು. ಫಿರೋಜ್ ಷಾ ತನ್ನ ಮಗ ಹಸನನನ್ನು ಉತ್ತರಾಧಿಕಾರಿ ಅಂತ ಘೋಷಿಸಿದ. ಹುಡುಗ ಭೋಗದಲ್ಲಿ ಮುಳುಗಿದವನು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಜನ ಒಪ್ಪಬೇಕಾದರೆ ಸಂತರ ಆಶೀರ್ವಾದದ ಮುದ್ರೆ ಬೇಕಿತ್ತು. ರಾಜ ಕೇಳಿದ. ಬರೀ ಒಂದು ಹೂಂ ಸಾಕಿತ್ತು. ತಲೆ ಮೇಲೆ ಕೈಯಿಟ್ಟಿದ್ದರೆ ಊರು, ಜಮೀನು, ರಾಜಗುರು ಪಟ್ಟ ಎಲ್ಲ ಬರುತ್ತಿತ್ತು. 94ರ ಮುದುಕರು ಆಗಲ್ಲ ಅಂದರು. ರಾಜ ಆರಿಸಿಕೊಂಡವನಿಗೆ ನನ್ನ ಆಶೀರ್ವಾದ ಯಾಕೆ, ಕಿರೀಟ ದೈವದಲ್ಲಿ ಬರೆದಿರುವುದು ನಿನ್ನ ತಮ್ಮ ಅಹ್ಮದನಿಗೆ ಎಂಬ ಅರ್ಥದ ಉತ್ತರ ಕೊಟ್ಟರಂತೆ.

ರಾಜನಿಗೆ ಹೇಗಾಗಿರಬೇಡ? ಖಾನಕಾಕ್ಕೆ ಬರುವ ಜನರ ಗದ್ದಲದಿಂದ ಕೋಟೆಗೆ ತೊಂದರೆ, ಇಲ್ಲಿಂದ ಎದ್ದು ಹೋಗಿ ಅಂತ ಅಪ್ಪಣೆ ಬಂತು. ಅವರು ವಾದ ಮಾಡಲಿಲ್ಲ, ಎದ್ದು ಊರ ಹೊರಗೆ ಹೋದರು. ಈಗ ದರ್ಗಾ ಇರುವುದು ಅದೇ ಜಾಗದಲ್ಲಿ.

ನಮ್ಮಲ್ಲಿ ಕೆಲವರು ಈ ಘಟನೆಯನ್ನು ಬೇರೆ ಥರ ಓದುತ್ತಾರೆ. ಅಹ್ಮದ್ ಅವರ ಶಿಷ್ಯ, ಅವನಿಗೇ ಪಟ್ಟ ಅಂದದ್ದು ರಾಜಕೀಯ ಅಲ್ವಾ ಅನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನಿಜಾಮುದ್ದೀನರ ಎರಡು ಬಾಗಿಲಿನ ಮನೆಗೆ ಹೋಲಿಸಿದರೆ ಕಲಬುರಗಿಯ ಖಾನಕಾ ಅರಮನೆಗೆ ಹತ್ತಿರವೇ ಇತ್ತು. ರಾಜನ ಆಹ್ವಾನದ ಮೇಲೆ ಬಂದವರು, ರಾಜನ ತಮ್ಮನ ನೆರವು ಪಡೆದವರು. ಸಂಪೂರ್ಣ ದೂರ ಇದ್ದರು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಆದರೂ 1415ರಲ್ಲಿ ಅಧಿಕಾರ ಇದ್ದದ್ದು ಫಿರೋಜನ ಕೈಯಲ್ಲಿ. ಆ ಹೊತ್ತಲ್ಲಿ ಲಾಭ ಇದ್ದದ್ದು ಹೂಂ ಅನ್ನುವುದರಲ್ಲಿ, ಕಳೆದುಕೊಳ್ಳುವುದಿದ್ದದ್ದು ಇಲ್ಲ ಅನ್ನುವುದರಲ್ಲಿ. ಅವರು ಎರಡನೆಯದನ್ನು ಆರಿಸಿಕೊಂಡು ಏಳು ವರ್ಷ ಅದರ ಜೊತೆಗೇ ಬದುಕಿದರು. ಅಹ್ಮದ್ ಗೆಲ್ಲುತ್ತಾನೆ ಅಂತ ಯಾರೂ ಬರೆದುಕೊಟ್ಟಿರಲಿಲ್ಲ.

ಫಿರೋಜನ ಕೊನೆಗಾಲ ಚೆನ್ನಾಗಿರಲಿಲ್ಲ. 1420ರ ಸುಮಾರಿಗೆ ಪಾನಗಲ್ಲಿನಲ್ಲಿ ವಿಜಯನಗರದ ಸೈನ್ಯದ ಎದುರು ಸೋತು ಬಂದ, ಆರೋಗ್ಯ ಕೆಟ್ಟಿತು. ತಮ್ಮನನ್ನು ದಾರಿಯಿಂದ ತೆಗೆಯುವ ಸಂಚು ತಿರುಗುಬಾಣವಾಯ್ತು. 1422ರ ಸೆಪ್ಟೆಂಬರಿನಲ್ಲಿ ಪಟ್ಟ ಬಿಟ್ಟುಕೊಟ್ಟು, ಕೆಲವೇ ದಿನಗಳಲ್ಲಿ ತೀರಿಕೊಂಡ. ಅಹ್ಮದ್ ಷಾ ಸುಲ್ತಾನನಾದ. ಇನ್ನೇನು ಗುರುಗಳಿಗೆ ಸುಖದ ದಿನ ಬಂತು ಅನ್ನುವಷ್ಟರಲ್ಲಿ, 1422ರ ನವೆಂಬರ್ 1ರಂದು, 101 ವರ್ಷದ ಬಂದೇನವಾಜರು ಕಣ್ಣು ಮುಚ್ಚಿದರು. ಶಿಷ್ಯ ರಾಜನಾದ ಮೇಲೆ ಅವರು ಬದುಕಿದ್ದು ಒಂದೂವರೆ ತಿಂಗಳೂ ಇಲ್ಲ. ಅವರ ಸಮಾಧಿ ಕಟ್ಟಿಸಿದ್ದು, ಮನೆತನಕ್ಕೆ ಹಳ್ಳಿಗಳನ್ನು ಬಿಟ್ಟುಕೊಟ್ಟದ್ದು ಅಹ್ಮದ್ ಷಾ. ಮುಂದಿನ ತಲೆಮಾರಿನವರು ಜಹಗೀರುದಾರರಾದರು. ಗುರು ಬೇಡ ಅಂದದ್ದೇ ಮನೆತನಕ್ಕೆ ಬಂತು ಅಂತ ಇತಿಹಾಸಕಾರರು ಇದನ್ನು ಎತ್ತಿ ತೋರಿಸುತ್ತಾರೆ, ಅದು ಅವರ ಕೆಲಸ.

ಅಹ್ಮದ್ ಷಾ ಮುಂದೆ ರಾಜಧಾನಿಯನ್ನು ಬೀದರಿಗೆ ಒಯ್ದ. ಜನ ಅವನನ್ನೂ ಸಂತ ಅಂದರು, ಹೆಸರಿನ ಕೊನೆಗೆ ವಲಿ ಅಂತ ಸೇರಿತು. ಬೀದರ್ ಹತ್ತಿರದ ಅಷ್ಟೂರಿನಲ್ಲಿ ಅವನ ಉರುಸಿನ ಮೆರವಣಿಗೆಯನ್ನು ಇವತ್ತಿಗೂ ನಡೆಸಿಕೊಡುವವರು ಒಬ್ಬ ಜಂಗಮರು. ಇದೇ ಒಂದು ಬೇರೆ ಲೇಖನಕ್ಕೆ ಆಗುವಷ್ಟಿದೆ, ಬೀದರ್ ಕಡೆಯ ಗೆಳೆಯರು ಯಾರಾದರೂ ಬರೆದುಕೊಡಲಿ.

ಕಲಬುರಗಿಯಲ್ಲಿ ಈಗ ಬಂದೇನವಾಜರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ, ಶುರುವಾದದ್ದು 1980ರಲ್ಲಿ. 2018ರಲ್ಲಿ ಅದೇ ಹೆಸರಿನ ವಿಶ್ವವಿದ್ಯಾಲಯವೂ ಆಯ್ತು. ಅಲ್ಲೂ ಪ್ಲೇಸ್‌ಮೆಂಟ್ ಸೆಲ್ ಇರುತ್ತೆ, ಅಲ್ಲೂ ಪ್ಯಾಕೇಜ್ ಮಾತು ನಡೆಯುತ್ತೆ ಬಿಡಿ.

ಆ ಕಡೆ ಹೋಗುವವರು ಮೂರು ಜಾಗ ತಪ್ಪಿಸಬೇಡಿ. ಒಂದು, ಕೋಟೆಯೊಳಗಿನ 1367ರ ಜಾಮಿಯಾ ಮಸೀದಿ. ನಡುವೆ ತೆರೆದ ಅಂಗಳವೇ ಇಲ್ಲದೆ ಇಡೀ ಜಾಗಕ್ಕೆ ಗುಮ್ಮಟ, ಕಮಾನು ಹೊದಿಸಿದ ಕಟ್ಟಡ ಅದು. ಸಿವಿಲ್‌ನವರು ಲೋಡ್ ಹೇಗೆ ಇಳಿದಿದೆ ಅಂತ ನೋಡುತ್ತಾ ಅರ್ಧ ದಿನ ಕಳೆಯಬಹುದು. ಎರಡು, ಫಿರೋಜ್ ಷಾನ ಜೋಡಿ ಗುಮ್ಮಟದ ಸಮಾಧಿ ಇರುವ ಹಫ್ತ್ ಗುಂಬಜ್, ಇದು ಊರಿನ ಪೂರ್ವಕ್ಕೆ. ಮೂರನೆಯದು ಅಲ್ಲೇ ಹತ್ತಿರದ ದರ್ಗಾ. ತಲೆಗೆ ಕರವಸ್ತ್ರವೋ ಟೋಪಿಯೋ ಜೊತೆಗಿರಲಿ. ಉರುಸು ನಡೆಯುವುದು ಜುಲ್ ಖಾದಾ ತಿಂಗಳ ನಡುವೆ, ಗಂಧದ ಮೆರವಣಿಗೆ ದೊಡ್ಡದಾಗಿ ಆಗುತ್ತದೆ. ಚಾಂದ್ರಮಾನದ ಲೆಕ್ಕ ಆದ್ದರಿಂದ ದಿನಾಂಕ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಇಂಟರ್ನಲ್ಸ್ ಟೈಮ್‌ಟೇಬಲ್ ನೋಡಿಕೊಂಡು ಹೊರಡಿ.